ಸವೆದುಹೋದ ಕಲ್ಲಿನ ಲೆಕ್ಕ: ಕಲಾದಗಿ ಶಿಲಾಬೋಗುಣಿಯ ಉತ್ಥಾನ ಮತ್ತು ಸವೆತ

ಸಭೆಯಲ್ಲಿರುವ ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ರಾಮದುರ್ಗದ ಸುತ್ತಲಿನ ಗುಡ್ಡಗಳಲ್ಲಿ ಒಂದರ ಮೇಲೊಂದು ಕುಳಿತ ಎರಡು ಬಗೆಯ ಪದರಗಳು ಕಾಣುತ್ತವೆ. ಕೆಳಗಿನವು ಓರೆಯಾಗಿ ಎದ್ದು ನಿಂತಿವೆ. ಅವುಗಳ ತಲೆಯನ್ನು ಸವೆತ ಸಮನಾಗಿ ಸವರಿಹಾಕಿದ ಮೇಲೆ, ಆ ನೆಲದ ಮೇಲೆ ಮರಳುಗಲ್ಲು ಹೆಚ್ಚುಕಡಿಮೆ ಮಟ್ಟಸವಾಗಿ ಹಾಸಿಕೊಂಡಿದೆ. ಇದನ್ನು ಕೋನೀಯ ಅಸಂಗತತೆ ಎನ್ನುತ್ತೇವೆ. ಓರೆಯಾದವು ಬಾಗಲಕೋಟೆ ಗುಂಪಿನ ಶಿಲೆಗಳು, ಮಟ್ಟಸವಾದವು ಬಾದಾಮಿ ಗುಂಪಿನವು. ಚಾಲುಕ್ಯರ ಶಿಲ್ಪಿಗಳು ಗುಹೆಗಳನ್ನು ಕೊರೆದದ್ದು ಈ ಎರಡನೆಯ ಗುಂಪಿನ ಕಲ್ಲಿನಲ್ಲಿ. ಎರಡೂ ಗುಂಪುಗಳು ಸೇರಿ ಕಲಾದಗಿ ಶಿಲಾಬೋಗುಣಿ, ಅಂದರೆ ಮರಳು ಕೆಸರುಗಳು ತುಂಬಿ ಕಲ್ಲಾದ ವಿಶಾಲ ತಗ್ಗು, ಆಗುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ತಮ್ಮ ಗ್ರಂಥದಲ್ಲಿ ಈ ಶಿಲೆಗಳನ್ನು ವಿವರಿಸಿದಾಗ ಕಲಾದಗಿ ಒಂದು ಜಿಲ್ಲೆಯ ಹೆಸರಾಗಿತ್ತು. ಜಿಲ್ಲೆ ಹೋಯಿತು, ಶಿಲೆಗಳಿಗೆ ಹೆಸರು ಉಳಿಯಿತು.

ಇಂದು ನಾನು ಮಾತನಾಡಬೇಕೆಂದಿರುವುದು ಕಣ್ಣಿಗೆ ಕಾಣುವ ಈ ಕಲ್ಲಿನ ಬಗ್ಗೆಯಲ್ಲ, ಇಲ್ಲಿದ್ದು ಈಗ ಇಲ್ಲವಾಗಿರುವ ಕಲ್ಲಿನ ಬಗ್ಗೆ. ಅದು ಎಷ್ಟು ದಪ್ಪವಿತ್ತು, ಯಾವಾಗ ಸವೆದುಹೋಯಿತು?

ಮೊದಲ ಉತ್ತರವನ್ನು ರೇಖಾಗಣಿತ ಕೊಡುತ್ತದೆ. ಬಾಗಲಕೋಟೆ ಗುಂಪಿನ ಪದರಗಳು ನೀರಿನಡಿ ಮಟ್ಟಸವಾಗಿಯೇ ಕೂತಿದ್ದವು. ಆಮೇಲೆ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡು ಮೇಲೆದ್ದವು. ಮಡಿಕೆಯ ಎರಡು ಮಗ್ಗುಲುಗಳು ಇಂದು ನೆಲದಲ್ಲಿ ಎಷ್ಟು ಓರೆಯಾಗಿವೆ ಎಂದು ಅಳೆದು, ಆ ಗೆರೆಗಳನ್ನು ಕಾಗದದ ಮೇಲೆ ಗಾಳಿಯಲ್ಲಿ ಮುಂದುವರಿಸಿ ಕೂಡಿಸಿದರೆ, ಸವೆದುಹೋದ ಕಮಾನಿನ ಆಕಾರ ಸಿಗುತ್ತದೆ. ಬಾದಾಮಿ ಗುಂಪಿನ ತಳದಲ್ಲಿರುವ ಉರುಟು ಕಲ್ಲುಗಳ ಪದರ ಇದಕ್ಕೆ ಸಾಕ್ಷಿ ನುಡಿಯುತ್ತದೆ, ಏಕೆಂದರೆ ಅದರೊಳಗಿನ ಗುಂಡುಗಲ್ಲುಗಳಲ್ಲಿ ಕೆಳಗಿನ ಹಳೆಯ ಶಿಲೆಗಳಿಂದಲೇ ಕಿತ್ತುಬಂದವು ಇವೆ. ಆದರೆ ಈ ವಿಧಾನ ಮಡಿಕೆಯ ಪದರಗಳನ್ನು ಮಾತ್ರ ಲೆಕ್ಕಕ್ಕೆ ತರುತ್ತದೆ. ಅವುಗಳ ಮೇಲೆ ಇನ್ನೇನಿತ್ತು ಎಂಬುದನ್ನಾಗಲಿ, ಅದು ಎಂದು ಹೋಯಿತು ಎಂಬುದನ್ನಾಗಲಿ ಹೇಳುವುದಿಲ್ಲ.

ಅದಕ್ಕೆ ಕಲ್ಲು ಅನುಭವಿಸಿದ ಬಿಸಿಯನ್ನು ಕೇಳಬೇಕು. ಆಳಕ್ಕೆ ಹೂತಷ್ಟೂ ಕಲ್ಲು ಬಿಸಿಯಾಗುತ್ತದೆ, ಮೇಲಿನದು ಸವೆದಂತೆ ತಣಿಯುತ್ತದೆ. ತೈಲ ಹುಡುಕುವವರು ಇದಕ್ಕಾಗಿ ಶಿಲೆಯೊಳಗಿನ ಮರದ ಚೂರುಗಳ ಹೊಳಪನ್ನು ಅಳೆಯುತ್ತಾರೆ. ನಮಗೆ ಆ ಅನುಕೂಲವಿಲ್ಲ. ಕಲಾದಗಿಯ ಶಿಲೆಗಳು ಕೂಡಿದ ಕಾಲಕ್ಕೆ ನೆಲದ ಮೇಲೆ ಗಿಡಮರಗಳೇ ಹುಟ್ಟಿರಲಿಲ್ಲ. ಉಳಿಯುವುದು ಅಪಟೈಟ್ ಎಂಬ ಖನಿಜ. ಅದರ ಹರಳಿನಲ್ಲಿ ಅತ್ಯಲ್ಪ ಯುರೇನಿಯಂ ಇರುತ್ತದೆ. ಯುರೇನಿಯಂನ ಒಂದು ಪರಮಾಣು ತಾನಾಗಿ ಒಡೆದಾಗಲೆಲ್ಲ ಹರಳಿನಲ್ಲಿ ಸುಮಾರು 16 ಮೈಕ್ರಾನ್ ಉದ್ದದ ಗಾಯದ ಗೆರೆ ಬೀಳುತ್ತದೆ. ಇದೇ ವಿದಳನ ಜಾಡು. ಹರಳನ್ನು ನಯಗೊಳಿಸಿ ನೈಟ್ರಿಕ್ ಆಮ್ಲದಲ್ಲಿ ಕೆಲವು ಕ್ಷಣ ಅದ್ದಿದರೆ ಸೂಕ್ಷ್ಮದರ್ಶಕದಲ್ಲಿ ಅವನ್ನು ಎಣಿಸಬಹುದು. ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿ ಗಾಯ ಪೂರ್ತಿ ಮಾಯುತ್ತದೆ, 60ರಿಂದ 110 ಡಿಗ್ರಿಯ ನಡುವೆ ಜಾಡು ಮೊಟಕಾಗುತ್ತದೆ, ಅದಕ್ಕಿಂತ ತಂಪಾದರೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಹೀಗಾಗಿ ಜಾಡುಗಳ ಸಂಖ್ಯೆ ಕಾಲವನ್ನೂ, ಅವುಗಳ ಉದ್ದ ತಣಿದ ರೀತಿಯನ್ನೂ ತಿಳಿಸುತ್ತದೆ. ಬಾದಾಮಿಯ ಮರಳುಗಲ್ಲಿನಂಥ, ಬಹುಪಾಲು ಬೆಣಚು ಹರಳೇ ತುಂಬಿದ ಕಲ್ಲಿನಲ್ಲಿ ಅಪಟೈಟ್ ಸಿಗುವುದು ಕಷ್ಟ. ಆದ್ದರಿಂದ ಬೋಗುಣಿಯ ಅಂಚಿನಲ್ಲಿ ತಳಪಾಯವಾಗಿ ಕಾಣುವ ಗ್ರಾನೈಟನ್ನೇ ಕೇಳುವುದು ಲೇಸು.

ಇಲ್ಲಿಯೇ ಎಚ್ಚರ ಬೇಕು. ಹರಳು ಹೇಳುವುದು ಉಷ್ಣತೆಯನ್ನು, ಆಳವನ್ನಲ್ಲ. ನೆಲದ ಮೇಲೆ 25 ಡಿಗ್ರಿ, ಕೆಳಗಿಳಿದಂತೆ ಪ್ರತಿ ಕಿಲೋಮೀಟರಿಗೆ 25 ಡಿಗ್ರಿ ಏರಿಕೆ ಎಂದು ಹಿಡಿದರೆ, 110 ಡಿಗ್ರಿ ಸಿಗುವುದು 3.4 ಕಿಲೋಮೀಟರ್ ಆಳದಲ್ಲಿ. ಪಠ್ಯಪುಸ್ತಕದ ಈ ದರ ನಮ್ಮ ಹಳೆಯ ನೆಲಕ್ಕೆ ಒಗ್ಗುವುದಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಾಗಲೂ ಬಂಡೆಯ ಬಿಸಿ 70 ಡಿಗ್ರಿಯ ಒಳಗೇ ಇತ್ತು. ಅಂದರೆ ಏರಿಕೆಯ ದರ ಹೆಚ್ಚುಕಡಿಮೆ ಅರ್ಧ. ಆ ದರ ಹಿಡಿದರೆ ಅದೇ ಹರಳಿನ ಅದೇ ಸಾಕ್ಷ್ಯಕ್ಕೆ 6 ಕಿಲೋಮೀಟರಿಗೂ ಮಿಕ್ಕಿದ ಕಲ್ಲು ಸವೆಯಬೇಕಾಗುತ್ತದೆ. ಕೋಲಾರದ ಇಂದಿನ ದರವನ್ನು ಕೋಟ್ಯಂತರ ವರ್ಷಗಳ ಹಿಂದಿನ ಕಲಾದಗಿಗೆ ಹಾಗೆಯೇ ಅಂಟಿಸುವುದೂ ಸರಿಯಲ್ಲ. ಆದ್ದರಿಂದ, ದರ ಯಾವುದೆಂದು ಹೇಳದೆ ಸವೆತದ ದಪ್ಪವನ್ನು ಒಂದೇ ಅಂಕಿಯಲ್ಲಿ ಕೊಡುವ ಲೇಖನವನ್ನು ನಾನು ನಂಬುವುದಿಲ್ಲ, ನೀವೂ ನಂಬಬಾರದು.

ಲೆಕ್ಕಕ್ಕೆ ಗಟ್ಟಿ ಗೂಟ ಹೊಡೆಯುವುದು ಬಸಾಲ್ಟ್, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲು. ಬೆಳಗಾವಿ ಜಿಲ್ಲೆಯ ಕಡೆ ಡೆಕ್ಕನ್ ಲಾವಾ ಕಲಾದಗಿ ಶಿಲೆಗಳ ಮೇಲೆ ನೇರವಾಗಿ ಕೂತಿರುವ ಜಾಗಗಳಿವೆ. ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆ ಹೊತ್ತಿಗೆ ಅಲ್ಲಿನ ಕಲಾದಗಿ ಶಿಲೆ ಆಗಲೇ ಬಿಸಿಲು ಕಂಡಿತ್ತು. ಹಾಗಾಗಿ ಆ ಜಾಗದಲ್ಲಿ ಇಲ್ಲವಾದ ಪದರಗಳೆಲ್ಲ ಅದಕ್ಕೂ ಹಿಂದೆಯೇ ಹೋದವು. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಧುಮುಕಿ ಕೊರೆಯುತ್ತಿರುವುದು ಈ ಕಥೆಯ ಕೊನೆಯ ಪುಟ ಮಾತ್ರ.

ಸವೆದ ಮರಳು ಹೋದದ್ದೆಲ್ಲಿಗೆ? ಇತ್ತೀಚಿನದನ್ನು ಕೃಷ್ಣಾ ನದಿಯ ಮುಖಜಭೂಮಿಯಲ್ಲೂ ಅದರಾಚೆಯ ಕಡಲತಳದಲ್ಲೂ ಹುಡುಕಬಹುದು. ಅಲ್ಲಿನ ಜಿರ್ಕಾನ್ ಎಂಬ ಗಟ್ಟಿ ಖನಿಜದ ಕಣಗಳ ವಯಸ್ಸನ್ನು ಅಳೆದು ಅವು ಬಂದ ನೆಲವನ್ನು ಊಹಿಸಬಹುದು. ಆದರೆ ಭಾರತ ಅಂಟಾರ್ಕ್ಟಿಕಾದಿಂದ ಬೇರ್ಪಟ್ಟು ಬಂಗಾಳ ಕೊಲ್ಲಿ ತೆರೆದುಕೊಂಡದ್ದು ಸುಮಾರು 13 ಕೋಟಿ ವರ್ಷಗಳ ಹಿಂದೆ. ಬಾಗಲಕೋಟೆ ಗುಂಪಿನ ಕಮಾನುಗಳು ಸವೆದದ್ದು ಅದಕ್ಕಿಂತ ಬಹಳ ಹಿಂದೆ, ಈ ಕಡಲೇ ಇಲ್ಲದಿದ್ದ ಕಾಲದಲ್ಲಿ. ಆ ಮರಳಿನಲ್ಲಿ ನಮಗೆ ಗುರುತು ಹಿಡಿಯಲು ಸಿಗುವ ಪಾಲು ರಾಮದುರ್ಗದ ಅಸಂಗತತೆಯ ಮೇಲೆಯೇ, ಬಾದಾಮಿ ಗುಂಪಿನ ತಳದ ಆ ಉರುಟು ಕಲ್ಲುಗಳ ನಡುವೆ ಇದೆ.