ಸುದ್ದಿ ಯಾರ ಕೈಯಿಂದ ಯಾರ ಕೈಗೆ?

ಕೇಳುಗರಿಗೆ ನಮಸ್ಕಾರ. ಸ್ನಾತಕೋತ್ತರ ಪದವಿಗೆ ಸಂಶೋಧನೆಯ ವಿಷಯ ಹುಡುಕುತ್ತಿರುವ ಮಲೆನಾಡಿನ ವಿದ್ಯಾರ್ಥಿಗಳಿಗೆ ಇವತ್ತು ನಾಲ್ಕು ಮಾತು. ವಿಷಯ, ಸಂಸ್ಥೆಗಳ ಒಳಗಿನ ಸಂವಹನ ಜಾಲ.

ನಮ್ಮ ಅಡಿಕೆ ಸಹಕಾರ ಸಂಘಗಳನ್ನೇ ನೋಡಿ. ಅಧ್ಯಕ್ಷರಿಂದ ಅಟೆಂಡರ್ ತನಕ ಯಾರ ಕೆಳಗೆ ಯಾರು ಎಂಬುದು ಕಾಗದದಲ್ಲಿ ಇರುತ್ತದೆ. ಆದರೆ ಇವತ್ತು ರಾಶಿ ಅಡಿಕೆಗೆ ರೇಟು ಎಷ್ಟಾಯ್ತು, ಬೆಟ್ಟೆ ಅಡಿಕೆ ಕೇಳುವವರು ಇದ್ದಾರಾ ಎಂಬ ಸುದ್ದಿ ಆ ಮೆಟ್ಟಿಲು ಹಿಡಿದು ಇಳಿಯುವುದಿಲ್ಲ. ತೂಕದ ಹತ್ತಿರ ನಿಂತ ಗುಮಾಸ್ತರು ಹಮಾಲರಿಗೆ ಹೇಳಿರುತ್ತಾರೆ, ಹಮಾಲರು ಮೂಟೆ ಇಳಿಸುತ್ತಲೇ ಬೆಳೆಗಾರರ ಕಿವಿಗೆ ಹಾಕಿರುತ್ತಾರೆ. ಯಾರು ಯಾರನ್ನು ಕೇಳುತ್ತಾರೆ ಎಂದು ಗೆರೆ ಎಳೆಯುತ್ತಾ ಹೋದರೆ ಸಿಗುವ ಚಿತ್ರವೇ ಈ ಅಧ್ಯಯನದ ವಸ್ತು.

ಇಂಥ ಚುಕ್ಕಿ-ಗೆರೆಯ ಚಿತ್ರಗಳನ್ನು ಮನೋವೈದ್ಯ ಜೇಕಬ್ ಮೊರೆನೊ 1934ರಲ್ಲೇ ಪ್ರಕಟಿಸಿದ್ದರು. ನನಗೆ ಹೆಚ್ಚು ಹಿಡಿಸಿದ್ದು ಮನಶ್ಶಾಸ್ತ್ರಜ್ಞ ಹೆರಾಲ್ಡ್ ಲೆವಿಟ್ ಅವರ 1951ರ ಪ್ರಯೋಗ. ಒಂದು ಮೇಜಿನ ಸುತ್ತ ಐದು ಜನ, ನಡುನಡುವೆ ಅಡ್ಡಹಲಗೆ. ಒಬ್ಬೊಬ್ಬರಿಗೂ ಐದೈದು ಚಿಹ್ನೆ ಕೊಟ್ಟಿರುತ್ತಾರೆ. ಐವರಲ್ಲೂ ಇರುವ ಒಂದೇ ಚಿಹ್ನೆ ಯಾವುದೆಂದು ಪತ್ತೆ ಹಚ್ಚಬೇಕು. ಬಾಯಿ ಬಿಡುವಂತಿಲ್ಲ, ತೆರೆದಿಟ್ಟ ಕಿಂಡಿಯಲ್ಲಿ ಚೀಟಿ ತೂರಿಸಬೇಕು. ಎಲ್ಲ ಚೀಟಿಯೂ ನಡುವಿನ ಒಬ್ಬರಿಗೇ ಹೋಗುವ ‘ಚಕ್ರ’ದಲ್ಲಿ ತಪ್ಪು ಕಡಿಮೆ, ಆದರೆ ಅಂಚಿನ ನಾಲ್ವರಿಗೆ ಬೇಸರ. ಅಕ್ಕಪಕ್ಕದವರಿಗಷ್ಟೇ ಚೀಟಿ ದಾಟಿಸುವ ‘ವೃತ್ತ’ದಲ್ಲಿ ಚೀಟಿಯೂ ಜಾಸ್ತಿ, ತಪ್ಪೂ ಜಾಸ್ತಿ, ಕುಳಿತವರು ಮಾತ್ರ ಖುಷಿಯಾಗಿದ್ದರು. ನಮ್ಮ ಮೇಲಧಿಕಾರಿಗಳಿಗೆ ಚಕ್ರವೇ ಯಾಕೆ ಇಷ್ಟ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

1977ರಲ್ಲಿ ಸಮಾಜಶಾಸ್ತ್ರಜ್ಞ ಲಿಂಟನ್ ಫ್ರೀಮನ್ ಒಂದು ಅಳತೆ ಕೊಟ್ಟರು. ಉಳಿದವರ ನಡುವಿನ ಅತಿ ಹತ್ತಿರದ ದಾರಿಗಳು ಒಬ್ಬರ ಮೂಲಕ ಎಷ್ಟರಮಟ್ಟಿಗೆ ಹಾಯುತ್ತವೆ ಎಂಬ ಲೆಕ್ಕ ಅದು. ಅದರಲ್ಲಿ ಅಧ್ಯಕ್ಷರನ್ನು ಹಿಂದಿಕ್ಕಿ ತೂಕದ ಗುಮಾಸ್ತರೇ ಮೇಲೆ ಬಂದರೂ ಬರಬಹುದು.

ತೊಡಕು ಇರುವುದೂ ಅಲ್ಲೇ. ಸಾಮಾನ್ಯ ಸಮೀಕ್ಷೆಯಲ್ಲಿ ಕೆಲವರು ಉತ್ತರ ಕೊಡದಿದ್ದರೂ ಹೇಗೋ ನಡೆಯುತ್ತದೆ. ಇಲ್ಲಿ ಆ ಗುಮಾಸ್ತರೊಬ್ಬರು ತಪ್ಪಿಸಿಕೊಂಡರೆ ಚಿತ್ರವೇ ಎರಡು ತುಂಡಾದೀತು. ಹೆಸರು ತೆಗೆದು ನಂಬರ್ ಹಾಕಿದರೂ ಗುಟ್ಟು ಉಳಿಯುವುದಿಲ್ಲ. ಗೆರೆಗಳೆಲ್ಲ ಬಂದು ಸೇರುವ ಮೂರನೇ ನಂಬರ್ ಯಾರೆಂದು ಸಂಘದವರಿಗೆ ಹೇಳಿಕೊಡಬೇಕೇ? ಮರುವಾರವೇ ಆ ಮನುಷ್ಯನಿಗೆ ವರ್ಗಾವಣೆಯಾದರೆ ಹೊಣೆ ಯಾರದು? ಆದ್ದರಿಂದ ಚಿತ್ರವನ್ನು ಆಡಳಿತ ಮಂಡಳಿಯ ಕೈಗೆ ಕೊಡುವುದಿಲ್ಲವೆಂದು ಮೊದಲೇ ಬರೆದು ಸಹಿ ಮಾಡಿಸಿಕೊಳ್ಳಿ. ಒಪ್ಪದಿದ್ದರೆ ಬೇರೆ ಸಂಘ ನೋಡಿಕೊಳ್ಳಿ.

ಇನ್ನು ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಅದರ ಬೆನ್ನಿಗೇ ಮೊಬೈಲ್ ಸಿಗ್ನಲ್ಲೂ. ಮಾರ್ಚ್‌ನಲ್ಲಿ ವಾಟ್ಸಾಪ್‌ನಲ್ಲಿ ಓಡಿದ ಸುದ್ದಿ ಆಗ ಬಸ್ ಕಂಡಕ್ಟರ್ ಕೈಗೆ ಕೊಟ್ಟ ಲಕೋಟೆಯಲ್ಲಿ ಬಂದೀತು. ಬೇಸಿಗೆಯ ಚಿತ್ರವೊಂದನ್ನೇ ಬರೆದು ಸಂಸ್ಥೆಯ ಜಾಲವೇ ಇದು ಎಂದರೆ ನಾನಂತೂ ಒಪ್ಪುವುದಿಲ್ಲ. ಆರಿದ್ರೆ ಮಳೆಯ ಹೊತ್ತಿಗೆ ಇನ್ನೊಂದು ಸುತ್ತು ಹೋಗಿ. ಶಂಕರಘಟ್ಟದಿಂದ ಬಸ್ ಹತ್ತುವ ಕುವೆಂಪು ವಿಶ್ವವಿದ್ಯಾಲಯದವರು ಆ ಸುತ್ತಿಗೆ ಪ್ರಶ್ನಾವಳಿಯನ್ನು ಕಾಗದದಲ್ಲೇ ಒಯ್ಯಿರಿ, ಪ್ಲಾಸ್ಟಿಕ್ ಕವರಿನೊಳಗೆ ಹಾಕಿಕೊಂಡು. ನಮಸ್ಕಾರ.