ತೋಟಕ್ಕೆ ನುಗ್ಗಿದವ್ರನ್ನ ಪೊಲೀಸರು ಅರೆಸ್ಟ್ ಮಾಡ್ತಿಲ್ವಾ? ಮೊದಲು ದಿನ ಲೆಕ್ಕ ಹಾಕಿ

[ದೃಶ್ಯ: ಸಿಲ್ವರ್ ಮರದ ಬುಡ, ಹತ್ತಿರದಿಂದ]

ಈ ಮರ ನೋಡಿ. ಬುಡದಿಂದ ಮೂರಡಿ ಮೇಲೆ ಆ ಕಡೆ ಈ ಕಡೆ ಮುಳ್ಳುತಂತಿಯ ತುದಿ ಕಾಣ್ತಿದೆ, ನಡುವಿನ ತಂತಿ ಮಾತ್ರ ಕಾಣಲ್ಲ. ಅಷ್ಟು ವರ್ಷದಿಂದ ಬೇಲಿ ಇಲ್ಲೇ ಇದ್ದಿದ್ದಕ್ಕೆ ಮರ ಅದನ್ನ ತೊಗಟೆಯೊಳಗೆ ನುಂಗಿಬಿಟ್ಟಿದೆ. ಇದು ಕೊಡಗಿನ ಪೊನ್ನಂಪೇಟೆ ಕಡೆ ನಮ್ಮ ಚಿಕ್ಕಮ್ಮನ ತೋಟ. ಮಳೆಗಾಲದಲ್ಲಿ ಅವ್ರು ಮಗಳ ಮನೆಗೆ ಹೋಗಿದ್ದಾಗ, ಪಕ್ಕದವ್ರು ತಂತಿ ಕತ್ತರಿಸಿ, ಆರು ಸಾಲು ಕಾಫಿಯನ್ನ ತಮ್ಮ ಕಡೆ ಸೇರಿಸ್ಕೊಂಡು ಹೊಸ ಬೇಲಿ ಎಳೆದಿದ್ರು.

ಚಿಕ್ಕಮ್ಮ ಠಾಣೆಗೆ ಮೂರು ಸಲ ಹೋದ್ರು. ಮೂರು ಸಲವೂ ಒಂದೇ ಉತ್ತರ: "ಇದು ಸಿವಿಲ್ ಮ್ಯಾಟರ್ ಅಮ್ಮ, ಕೋರ್ಟಿಗೆ ಹೋಗಿ." ಚಿಕ್ಕಮ್ಮನದು ಒಂದೇ ಹಟ, ಅವ್ರನ್ನ ಒಳಗೆ ಹಾಕ್ಬೇಕು ಅಂತ. ಆ ಹಟದಲ್ಲೇ ಎರಡು ತಿಂಗಳು ಕಳೆದುಹೋಯ್ತು. ಆ ಎರಡು ತಿಂಗಳಿಗೆ ಎಷ್ಟು ಬೆಲೆ ಇತ್ತು ಅಂತ ನಮಗೆ ಆಮೇಲೆ ಗೊತ್ತಾಯ್ತು.

ಅರೆಸ್ಟ್ ವಿಷಯ ಮೊದಲು ಹೇಳ್ಬಿಡ್ತೀನಿ. ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ ಅಕ್ರಮ ಪ್ರವೇಶಕ್ಕೆ ಹೆಚ್ಚೆಂದ್ರೆ 3 ತಿಂಗಳ ಜೈಲು, ಮನೆಯೊಳಗೆ ನುಗ್ಗಿದ್ರೆ 1 ವರ್ಷ. ಎರಡಕ್ಕೂ ಜಾಮೀನು ಹಕ್ಕಾಗಿ ಸಿಗುತ್ತೆ. 7 ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಕಣ್ಣುಮುಚ್ಚಿ ಬಂಧಿಸಬೇಡಿ ಅಂತ ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಲ್ಲಿ ಹೇಳಿದೆ. ಹಾಗಾಗಿ ಬೆಳಿಗ್ಗೆ ಅರೆಸ್ಟ್ ಆದವ್ರು ಸಂಜೆಗೆ ಮನೆಲಿರ್ತಾರೆ. ಬೇಲಿ ಎಲ್ಲಿತ್ತೋ ಅಲ್ಲೇ ಇರುತ್ತೆ.

ಆದ್ರೆ ಎಫ್‌ಐಆರ್ ಮಾತು ಬೇರೆ. ಅಕ್ರಮ ಪ್ರವೇಶ ಸಂಜ್ಞೇಯ ಅಪರಾಧ, ಅಂದ್ರೆ ಕೋರ್ಟ್ ಅಪ್ಪಣೆಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದಾದದ್ದು. ದೂರಲ್ಲಿ ಅಂಥ ಅಪರಾಧ ಕಾಣ್ತಿದ್ರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ 2013ರ ಲಲಿತಾ ಕುಮಾರಿ ತೀರ್ಪಿದೆ. ದೂರು ಬರೆಯುವಾಗಲೇ ನಾವು ಎಡವೋದು. ಚಿಕ್ಕಮ್ಮನ ಮೊದಲ ಅರ್ಜಿಯಲ್ಲಿ ಇದ್ದದ್ದು "ಆ ಜಾಗ ನಮ್ಮದು" ಅಂತ ಮಾತ್ರ. ಅದನ್ನ ಓದಿದ ಯಾರಿಗಾದ್ರೂ ಸಿವಿಲ್ ಅಂತಲೇ ಅನ್ನಿಸುತ್ತೆ. ಇಂಥ ದಿನ ತಂತಿ ಕತ್ತರಿಸಿದ್ರು, ಇಷ್ಟು ಮೆಣಸಿನ ಬಳ್ಳಿ ಕಡಿದ್ರು, ಕೇಳೋಕೆ ಹೋದ್ರೆ ಕತ್ತಿ ತೋರಿಸಿದ್ರು: ನಡೆದದ್ದನ್ನ, ನಡೆದಷ್ಟನ್ನೇ, ಹೀಗೆ ಬರೀಬೇಕು. ಠಾಣೆಯಿಂದ ಹಿಂಬರಹ (ದೂರಿಗೆ ಬರೆದುಕೊಡೋ ಉತ್ತರ) ಕೊಟ್ರೆ ಜೋಪಾನವಾಗಿ ಇಟ್ಕೊಳ್ಳಿ. ಅದರ ಜೊತೆ ಅದೇ ದೂರನ್ನ ಮಡಿಕೇರಿಗೆ, ಎಸ್‌ಪಿಯವರಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗ್ಬಹುದು. ಇದು ಪೊಲೀಸ್, ಕೋರ್ಟ್ ಹೇಗೆ ನಡೀಬೇಕು ಅಂತ ಹೇಳೋ ನಾಗರಿಕ ಸುರಕ್ಷಾ ಸಂಹಿತೆಯ 173 ಮತ್ತು 175ನೇ ಸೆಕ್ಷನ್ ಕೊಟ್ಟಿರೋ ದಾರಿ.

[ದೃಶ್ಯ: ಗೋಡೆ ಕ್ಯಾಲೆಂಡರ್]

ಈಗ ದಿನದ ಲೆಕ್ಕ. ಜಾಗದ ಜಗಳ ಹೊಡೆದಾಟಕ್ಕೆ ತಿರುಗೋ ಹಾಗಿದ್ರೆ, ಅದೇ ಸುರಕ್ಷಾ ಸಂಹಿತೆಯ 164ನೇ ಸೆಕ್ಷನ್ ಅಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ (ತಹಶೀಲ್ದಾರರಂಥ ಅಧಿಕಾರಿ) ಮಧ್ಯೆ ಬರ್ತಾರೆ. ನಿಮ್ಮನ್ನ ಹೊರಹಾಕಿ ಎರಡು ತಿಂಗಳು ಮೀರಿಲ್ಲ ಅಂದ್ರೆ, ಸ್ವಾಧೀನ ನಿಮ್ಮದೇ ಅಂತ ಅವ್ರು ಪರಿಗಣಿಸಬಹುದು. ಚಿಕ್ಕಮ್ಮ ಕಳೆದುಕೊಂಡದ್ದು ಇದನ್ನೇ.

ಎರಡನೇ ಗಡುವು ಆರು ತಿಂಗಳು: ಹೊರಹಾಕಿದ ದಿನದಿಂದ ಅಷ್ಟರೊಳಗೆ ಜಾಗ ವಾಪಸ್ ಕೊಡಿಸಿ ಅಂತ ಸಿವಿಲ್ ದಾವೆ ಹಾಕ್ಬೇಕು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ನನ್ನ ಲೆಕ್ಕದಲ್ಲಿ ಕೊಡಗಿನವ್ರಿಗೆ ಹೇಳಿ ಮಾಡಿಸಿದ ಹಾಗಿದೆ. ಯಾಕಂದ್ರೆ ಇಲ್ಲಿ ಕೋರ್ಟ್ ಮಾಲೀಕತ್ವ ಕೇಳಲ್ಲ. ನೀವು ಸ್ವಾಧೀನದಲ್ಲಿದ್ರಾ, ಒಪ್ಪಿಗೆ ಇಲ್ದೆ, ಕಾನೂನು ಕ್ರಮ ಇಲ್ದೆ ಹೊರಹಾಕಿದ್ರಾ, ಅಷ್ಟೇ ಪ್ರಶ್ನೆ. ನಮ್ಮ ಜಮ್ಮಾ ಜಾಗಗಳ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಪಹಣಿ ತೆಗೆದು ನೋಡಿ: ತೀರಿಹೋಗಿ ಎಷ್ಟೋ ಕಾಲವಾದ ಪಟ್ಟೇದಾರರ (ಕುಟುಂಬದ ಪರವಾಗಿ ದಾಖಲೆಯಲ್ಲಿರೋ ಹಿರಿಯರ) ಹೆಸರು, ಅದರ ಕೆಳಗೆ ಇಡೀ ಕುಟುಂಬ. ಅದನ್ನ ಸರಿ ಮಾಡಿಸೋದ್ರಲ್ಲೇ ಆರು ತಿಂಗಳು ಮುಗಿಯುತ್ತೆ. ಸ್ವಾಧೀನ ತೋರಿಸ್ಲಿಕ್ಕೆ ಗೊಬ್ಬರದ ಬಿಲ್ಲು, ಕಾಫಿ ಮಾರಿದ ಚೀಟಿ, ಆಳುಗಳ ಸಂಬಳದ ಪುಸ್ತಕ, ಈ ಮರದ ಫೋಟೋ, ಎಲ್ಲವೂ ಕೆಲಸಕ್ಕೆ ಬರುತ್ತೆ. ಗಡಿ ಗುರುತಿಸೋ ಹದ್ದುಬಸ್ತು ಸರ್ವೆಗೂ ಅರ್ಜಿ ಹಾಕಿಬಿಡಿ.

ಆರು ತಿಂಗಳು ದಾಟಿದ್ರೆ ಮಾಲೀಕತ್ವದ ಮೇಲೆ ದಾವೆ ಹೂಡೋಕೆ 12 ವರ್ಷ ಇದೆ, ಆದ್ರೆ ಆಗ ಆ ಪಹಣಿಯ ಗಂಟನ್ನೆಲ್ಲ ಬಿಚ್ಚಲೇಬೇಕು. ಜಾಗ ಇನ್ನೂ ನಿಮ್ಮ ಕೈಯಲ್ಲೇ ಇದ್ದು ಅವ್ರು ಬರೀ ನುಗ್ಗಿ ಕಾಟ ಕೊಡ್ತಿದ್ರೆ, ನೇರ ತಡೆಯಾಜ್ಞೆ ಕೇಳಿ. ಅದನ್ನ ಮೀರಿದವ್ರನ್ನ ಕೋರ್ಟ್ 3 ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಬಹುದು. ಭೂಕಬಳಿಕೆ ವಿಶೇಷ ನ್ಯಾಯಾಲಯಕ್ಕೆ ಹೋಗಿ ಅಂತ ಸಲಹೆ ಕೊಡೋವ್ರಿದ್ದಾರೆ. 2011ರ ಆ ಕಾಯ್ದೆ ಇರೋದು ಸರ್ಕಾರಿ, ವಕ್ಫ್, ಮುಜರಾಯಿಯಂಥ ಜಾಗಗಳಿಗೆ. ಖಾಸಗಿ ತೋಟಕ್ಕಲ್ಲ.

ಇನ್ನೊಂದು ಮಾತು, ಕೈಮುಗಿದು ಕೇಳ್ಕೊಳ್ತೀನಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಲೈಸೆನ್ಸ್ ಬೇಡದ ವಿನಾಯಿತಿ ಕೋವಿ ಇದೆ. ವಿನಾಯಿತಿ ಇರೋದು ಲೈಸೆನ್ಸಿಗೆ ಮಾತ್ರ. ಬೇಲಿ ಜಗಳಕ್ಕೆ ಅದನ್ನ ಹೊರಗೆ ತಂದ್ರೆ, ದೂರು ಕೊಡಬೇಕಾದ ನೀವೇ ಆರೋಪಿ ಆಗ್ತೀರಿ. ಜೀವಕ್ಕೆ ಅಪಾಯ ಅನ್ನಿಸಿದ್ರೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು 112ಕ್ಕೆ ಫೋನ್ ಮಾಡಿ.

ವಕೀಲರ ಫೀಸಿಗೆ ಹೆದರ್ಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ. ಚಿಕ್ಕಮ್ಮ ಹಾಗೇ ಐದನೇ ತಿಂಗಳಲ್ಲಿ ದಾವೆ ಹಾಕಿದ್ರು.

[ದೃಶ್ಯ: ಮತ್ತೆ ಅದೇ ಮರ]

ತೀರ್ಪು ಇನ್ನೂ ಬಂದಿಲ್ಲ. ಸದ್ಯಕ್ಕೆ ಮಧ್ಯಂತರ ಆದೇಶ ಇದೆ: ಆ ಆರು ಸಾಲಿನಲ್ಲಿ ಯಾರೂ ಒಂದು ಮರವನ್ನೂ ಕಡಿಯೋ ಹಾಗಿಲ್ಲ. ಅದಕ್ಕೇ ಈ ಸಿಲ್ವರ್ ಮರ, ಹೊಟ್ಟೆಯೊಳಗಿನ ತಂತಿ ಸಮೇತ, ಇನ್ನೂ ನಿಂತಿದೆ.