ಮುಂದಿನ ಚಕ್ರದ ಕಡೆ ಏನೋ ಶಬ್ದ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆ ಬಿಟ್ಟು ಬಿಸಿಲು ಬೀಳುವ ಈ ದಿನಗಳಲ್ಲಿ ಕೊಡಗಿನ ಯಾವ ಗ್ಯಾರೇಜಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. "ಅಣ್ಣಾ, ಮುಂದೆ ಏನೋ ಶಬ್ದ ಬರ್ತಾ ಇದೆ, ಸ್ವಲ್ಪ ನೋಡಿ." ಜೂನ್‌ನಿಂದ ಗುಂಡಿಯಲ್ಲಿ ಇಳಿದು, ಕೆಸರಲ್ಲಿ ಹೂತು, ತೋಟದ ಕಲ್ಲುರಸ್ತೆಯಲ್ಲಿ ಕುಣಿದ ಹಳೇ ಕಾರು ಅದು. ಶಬ್ದ ಮಾಡದೆ ಇದ್ದರೇ ಆಶ್ಚರ್ಯ.

ಗ್ಯಾರೇಜಿನವನಾಗಿ ನಾನು ಮೊದಲು ಕೇಳುವುದು ಎಂಥ ಶಬ್ದ ಅಂತಲ್ಲ, ಯಾವಾಗ ಬರುತ್ತದೆ ಅಂತ. ಯಾಕೆಂದರೆ ಒಬ್ಬರಿಗೆ ಟಕ್ ಟಕ್ ಅನ್ನಿಸುವುದು ಇನ್ನೊಬ್ಬರಿಗೆ ಲೊಡಲೊಡ ಅನ್ನಿಸುತ್ತದೆ. ಆದರೆ ಬ್ರೇಕ್ ಹಾಕಿದಾಗ ಬರುತ್ತದೋ, ತಿರುವಿನಲ್ಲಿ ಬರುತ್ತದೋ, ಬೆಳಿಗ್ಗೆ ಮಾತ್ರ ಬರುತ್ತದೋ ಅನ್ನುವುದರಲ್ಲಿ ತಕರಾರಿಲ್ಲ. ಇನ್ನೊಂದು ವಿಷಯ. ಕಾರಿನ ಬಾಡಿ ಪೂರ್ತಿ ತಗಡು. ಬಲಗಡೆ ಹುಟ್ಟಿದ ಶಬ್ದ ತಗಡಿನಲ್ಲಿ ಹರಿದು ಎಡಗಡೆ ಕೇಳಿಸಬಹುದು. ಡ್ರೈವರ್ ಸೀಟಿನಲ್ಲಿ ಕೂತು "ಇದು ಎಡಗಡೇನೇ" ಎಂದು ಹಟ ಹಿಡಿಯುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಮುಂದೆ ಶಬ್ದ ಎಂದರೆ ಸಾಕು, ಎಲ್ಲರೂ ಷಾಕ್ ಅಬ್ಸಾರ್ಬರ್ ಹೋಗಿದೆ ಅನ್ನುತ್ತಾರೆ. ಪಕ್ಕದ ಮನೆಯವರು, ಪೆಟ್ರೋಲ್ ಬಂಕಿನಲ್ಲಿ ಸಿಕ್ಕವರು, ಕೆಲವು ಮೆಕ್ಯಾನಿಕ್‌ಗಳೂ ಅನ್ನುತ್ತಾರೆ. ಜೊತೆ ಷಾಕಿಗೆ ಸಾವಿರಗಟ್ಟಲೆ ಹೋಗುತ್ತದೆ. ಹಾಕಿಸಿಕೊಂಡು ಹೊರಟರೆ ಮೊದಲ ಹಂಪ್‌ನಲ್ಲೇ ಅದೇ ಶಬ್ದ! ಬಹಳ ಸಲ ಅಪರಾಧಿ ಒಂದು ಸಣ್ಣ ರಬ್ಬರ್ ಬುಷ್, ಅಂದರೆ ಎರಡು ಲೋಹದ ಭಾಗಗಳ ನಡುವೆ ಕೂರುವ ರಬ್ಬರ್ ತುಂಡು, ಆಗಿರುತ್ತದೆ. ಅದಕ್ಕೇ ನನ್ನ ನಿಯಮ ಏನೆಂದರೆ, ಬೇಕೆಂದಾಗ ಶಬ್ದ ಬರಿಸಲು ಗೊತ್ತಾಗುವವರೆಗೆ ಒಂದು ನಟ್ಟನ್ನೂ ಬಿಚ್ಚಬಾರದು.

ಶುರು ಮಾಡುವುದು ಗಾಡಿ ಖಾಲಿ ಮಾಡುವುದರಿಂದ. ನಗಬೇಡಿ. ತೋಟಕ್ಕೆ ಓಡಾಡುವ ಕಾರಿನೊಳಗೆ ಏನೆಲ್ಲ ಇರುತ್ತದೆ ಅಂತ ನಿಮಗೇ ಗೊತ್ತು. ಕತ್ತಿ, ಸ್ಪ್ರೇಯರ್ ನಳಿಕೆ, ಜಾಕಿ, ಸ್ಪಾನರ್, ಯಾವತ್ತೋ ಹಾಕಿ ಮರೆತ ಗೇಟಿನ ಸರಪಳಿ. ಎಲ್ಲ ತೆಗೆದು ಹೊರಗಿಡಿ. ಬಾನೆಟ್ ತೆಗೆದು ಬ್ಯಾಟರಿ ಅಲ್ಲಾಡುತ್ತದೆಯೇ ನೋಡಿ, ಬಾನೆಟ್ ಲಾಕ್ ಸಡಿಲವಾಗಿದೆಯೇ ನೋಡಿ. ಆಮೇಲೆ ಚಕ್ರಗಳನ್ನು ಒಳಬದಿಯಿಂದಲೂ ತೊಳೆಯಿರಿ. ರಿಮ್ಮಿನ ಒಳಗೆ ಮಣ್ಣು ಮೆತ್ತಿ ಒಣಗಿದರೆ ಸ್ಪೀಡಿನಲ್ಲಿ ಸ್ಟಿಯರಿಂಗ್ ನಡುಗುತ್ತದೆ, ಜನ ಬೇರೆ ಏನೇನೋ ಬದಲಾಯಿಸುತ್ತಾರೆ. ಇನ್ನು ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೆ ಕಿವಿ ಹರಿದು ಹೋಗುವಂಥ ಕೀರಲು ಶಬ್ದ ಬರುತ್ತದೆ. ಸ್ವಲ್ಪ ರಿವರ್ಸ್ ತೆಗೆದರೆ ಅದು ಎಷ್ಟೋ ಸಲ ತಾನಾಗಿ ಬಿದ್ದುಹೋಗುತ್ತದೆ.

ನಮ್ಮಲ್ಲಿ ಈಗಲೂ ಓಡುತ್ತಿರುವ ಹಳೇ ಕಾರುಗಳಲ್ಲಿ ಮಾರುತಿ 800 ಮತ್ತು ಹಳೇ ಆಲ್ಟೊ ಜಾಸ್ತಿ. ಮಾರುತಿ 800 ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಈ ಕಾರುಗಳ ಮುಂದಿನ ಚಕ್ರ ನಿಂತಿರುವುದು ಸ್ಟ್ರಟ್ ಮೇಲೆ. ಸ್ಟ್ರಟ್ ಎಂದರೆ ಷಾಕ್ ಮತ್ತು ಸ್ಪ್ರಿಂಗ್ ಎರಡೂ ಸೇರಿದ ಒಂದೇ ಕಂಬ. ಅಮೆರಿಕದ ಎಂಜಿನಿಯರ್ ಮ್ಯಾಕ್‌ಫರ್ಸನ್ ಮಾಡಿದ ವಿನ್ಯಾಸ ಇದು. 1950ರ ಹೊತ್ತಿಗೆ ಇಂಗ್ಲೆಂಡಿನ ಫೋರ್ಡ್ ಕಾರುಗಳಲ್ಲಿ ಬಂದು, ಆಮೇಲೆ ಸಣ್ಣ ಕಾರುಗಳಲ್ಲೆಲ್ಲ ಹರಡಿತು. ಕಂಬದ ತಲೆ ಬಾನೆಟ್ಟಿನ ಕೆಳಗೆ ಕಾರಿನ ಬಾಡಿಯನ್ನು ಸೇರುತ್ತದೆ. ಬುಡದಲ್ಲಿ ಲೋವರ್ ಆರ್ಮ್, ಅಂದರೆ ಚಕ್ರವನ್ನು ಗಾಡಿಯ ಮೈಗೆ ಸೇರಿಸುವ ಅಡ್ಡತೋಳು, ಇದೆ. ಆರ್ಮ್‌ನ ಒಂದು ತುದಿಯಲ್ಲಿ ಬುಷ್, ಇನ್ನೊಂದು ತುದಿಯಲ್ಲಿ ಬಾಲ್ ಜಾಯಿಂಟ್, ಅಂದರೆ ಎಲ್ಲ ಕಡೆಗೂ ತಿರುಗುವ ಗುಂಡು ಕೀಲು. ಎಡ ಬಲ ಎರಡನ್ನೂ ಸೇರಿಸುವ ಬಾಗಿದ ಸರಳೇ ಸ್ಟೆಬಿಲೈಸರ್ ಬಾರ್. ಸ್ಟಿಯರಿಂಗ್ ಕಡೆಯಿಂದ ಚಕ್ರವನ್ನು ತಿರುಗಿಸುವ ಟೈ ರಾಡ್ ಬರುತ್ತದೆ. ಇಷ್ಟೇ. ಷಾಕ್, ಸ್ಪ್ರಿಂಗ್, ಆರ್ಮ್ ಎಲ್ಲ ಸೇರಿ ಸಸ್ಪೆನ್ಷನ್. ಅದರಲ್ಲಿ ಹುಡುಕಬೇಕಾದ್ದೆಲ್ಲ ಈ ನಾಲ್ಕೈದು ಕಡೆಯೇ ಇದೆ.

ಈಗ ರಸ್ತೆಗೆ ಇಳಿಯೋಣ. ಕಿಟಕಿ ಇಳಿಸಿ, ರೇಡಿಯೊ ಆಫ್ ಮಾಡಿ. ರೇಡಿಯೊದಲ್ಲೇ ಕೂತು ಹೀಗೆ ಹೇಳುವುದು ನನಗೂ ತಮಾಷೆ ಅನ್ನಿಸುತ್ತಿದೆ, ಇರಲಿ. ಊರೊಳಗಿನ ಒಂದು ಹಂಪ್‌ಗೆ ಹೋಗಿ. ಎರಡೂ ಚಕ್ರ ಒಟ್ಟಿಗೆ ಹತ್ತುವ ಹಾಗೆ ನಿಧಾನಕ್ಕೆ ದಾಟಿ. ಆಮೇಲೆ ಒಂದೇ ಚಕ್ರ ಗುಂಡಿಗೆ ಇಳಿಯುವ ಕಡೆ ಅದೇ ವೇಗದಲ್ಲಿ ಹೋಗಿ. ಒಟ್ಟಿಗೆ ಹತ್ತಿದಾಗ ಸುಮ್ಮನಿದ್ದು, ಒಂದೇ ಚಕ್ರ ಇಳಿದಾಗ ಕಟ ಕಟ ಅಂದರೆ ಮೊದಲು ಸ್ಟೆಬಿಲೈಸರ್ ಬಾರಿನ ಬುಷ್ ಮತ್ತು ಲಿಂಕ್ ನೋಡಬೇಕು. ಎರಡು ಚಕ್ರ ಒಟ್ಟಿಗೆ ಏರಿಳಿದರೆ ಆ ಬಾರ್‌ಗೆ ಕೆಲಸವೇ ಇಲ್ಲ, ಸುಮ್ನೆ ಜೊತೆಗೆ ತಿರುಗುತ್ತದೆ. ಒಂದು ಮೇಲೆ ಒಂದು ಕೆಳಗೆ ಆದಾಗ ಮಾತ್ರ ಅದು ತಿರುಚಿಕೊಳ್ಳುತ್ತದೆ, ಸವೆದ ರಬ್ಬರ್ ಆಗ ಸದ್ದು ಮಾಡುತ್ತದೆ. ತೋಟದ ರಸ್ತೆಯಲ್ಲಿ ಲೊಡಲೊಡ ಅಂದು, ಟಾರ್ ರಸ್ತೆಗೆ ಬಂದ ಕೂಡಲೇ ಮಾಯವಾಗುವ ಶಬ್ದಗಳಲ್ಲಿ ಇದೇ ಜಾಸ್ತಿ.

ಬ್ರೇಕಿನ ಪರೀಕ್ಷೆ ಎರಡು ಥರ. ಲೊಡಲೊಡ ಬರುತ್ತಿರುವಾಗ ಬ್ರೇಕ್ ಪೆಡಲ್ ಮೇಲೆ ಕಾಲನ್ನು ಮೆಲ್ಲಗೆ ಮುಟ್ಟಿಸಿ, ಅಷ್ಟೇ. ಶಬ್ದ ನಿಂತರೆ ಅದು ಸಸ್ಪೆನ್ಷನ್ ಅಲ್ಲ. ಬ್ರೇಕ್ ಪ್ಯಾಡ್ ಅಥವಾ ಪ್ಯಾಡನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ ಸಡಿಲವಾಗಿದೆ. ಇನ್ನೊಂದು, ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಹೋಗುತ್ತಾ ಗಟ್ಟಿಯಾಗಿ ಬ್ರೇಕ್ ಒತ್ತಿ. ಧಡ್ ಎಂದು ಒಂದೇ ಒಂದು ಸಲ ಹೊಡೆದರೆ, ರಿವರ್ಸಿನಲ್ಲಿ ಬ್ರೇಕ್ ಹಾಕಿದಾಗ ಮತ್ತೊಂದು ಸಲ ಹೊಡೆದರೆ, ಲೋವರ್ ಆರ್ಮ್ ಹಿಂದೆ ಮುಂದೆ ಸರಿಯುತ್ತಿದೆ ಎಂದು ಅರ್ಥ. ಮಾರುತಿ 800ರಲ್ಲಿ ಆರ್ಮನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದು ಅದೇ ಸ್ಟೆಬಿಲೈಸರ್ ಬಾರ್. ಹಾಗಾಗಿ ಅದರ ತುದಿಯ ಬುಷ್ ಹೋದರೆ ಎರಡು ಕಡೆ ತೊಂದರೆ. ಗುಂಡಿಯಲ್ಲೂ ಶಬ್ದ, ಬ್ರೇಕಿನಲ್ಲೂ ಶಬ್ದ.

ತಿರುವುಗಳ ವಿಷಯದಲ್ಲಿ ನಾವು ಪುಣ್ಯವಂತರು. ಬಯಲುಸೀಮೆಯವರು ಮೈದಾನ ಹುಡುಕಿಕೊಂಡು ಹೋಗಿ ಗಾಡಿ ಸುತ್ತು ಹೊಡೆಸಬೇಕು. ನಮಗೆ ಸಂಪಾಜೆ ಘಾಟಿ ಇದೆ, ಮಾಕುಟ್ಟ ಇದೆ, ಭಾಗಮಂಡಲದಿಂದ ತಲಕಾವೇರಿಗೆ ಹತ್ತುವ ರಸ್ತೆ ಇದೆ. ಹತ್ತುವಾಗ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಟಿಕ್ ಟಿಕ್ ಟಿಕ್ ಎಂದು ಚಕ್ರದ ಲೆಕ್ಕಕ್ಕೆ ಶಬ್ದ ಬಂದರೆ ಅದು ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಆಕ್ಸಲ್ಲಿನ ಹೊರ ಜಾಯಿಂಟ್. ಚಕ್ರದ ಹಿಂದೆ ಬಗ್ಗಿ ನೋಡಿ. ರಬ್ಬರ್ ಬೂಟ್ ಹರಿದು, ಗ್ರೀಸ್ ರಿಮ್ಮಿನ ಒಳಗೆಲ್ಲ ಚಿಮ್ಮಿರುತ್ತದೆ. ಓಮ್ನಿ, ಅಂಬಾಸಿಡರ್ ಇರುವವರು ಈ ಚಿಂತೆ ಬಿಡಬಹುದು. ಅವುಗಳಲ್ಲಿ ಎಳೆಯುವುದು ಹಿಂದಿನ ಚಕ್ರ. ಇನ್ನು ಗೊಂಯ್ ಎಂದು ಒಂದೇ ಸಮ ಗುನುಗುವ ಶಬ್ದ ಒಂದು ಬದಿಯ ತಿರುವಿನಲ್ಲಿ ಏರಿ, ಇನ್ನೊಂದು ಬದಿಯ ತಿರುವಿನಲ್ಲಿ ಇಳಿದರೆ ವೀಲ್ ಬೇರಿಂಗ್ ನೋಡಬೇಕು. ಗಾಡಿ ಎಡಕ್ಕೆ ತಿರುಗಿದಾಗ ಭಾರ ಬೀಳುವುದು ಬಲಗಡೆ ಚಕ್ರಕ್ಕೆ. ಎಡ ತಿರುವಿನಲ್ಲಿ ಶಬ್ದ ಏರಿದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ ಪಡಿ.

ಗಾಡಿ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಟೊಂಯ್ ಎಂದು ತಂತಿ ಬಿಟ್ಟ ಹಾಗೆ ಶಬ್ದ ಬರುವುದುಂಟು. ಅದು ಸ್ಟ್ರಟ್ಟಿನ ತಲೆಯ ಬೇರಿಂಗ್. ಅದು ಹಿಡಿದುಕೊಂಡಾಗ ಸ್ಪ್ರಿಂಗ್ ತಿರುಗಲಾರದೆ ತಿರುಚಿಕೊಂಡು, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಒಬ್ಬರು ಸ್ಟಿಯರಿಂಗ್ ತಿರುಗಿಸಲಿ, ನೀವು ಬಾನೆಟ್ ತೆಗೆದು ಸ್ಟ್ರಟ್ಟಿನ ತಲೆಯ ಮೇಲೆ ಅಂಗೈ ಇಡಿ. ಆ ಜಿಗಿತ ಅಂಗೈಗೇ ತಿಳಿಯುತ್ತದೆ. ಸ್ಪ್ರಿಂಗಿನ ಸುರುಳಿಗಳ ಮಧ್ಯೆ ಮಾತ್ರ ಬೆರಳು ಹಾಕಬೇಡಿ.

ಕೊಡಗಿನವರೇ ಚೆನ್ನಾಗಿ ಬಲ್ಲ ಒಂದು ಶಬ್ದ ಇದೆ. ಮಳೆಗಾಲ ಪೂರ್ತಿ ಇರುವುದಿಲ್ಲ, ಬಿಸಿಲು ಬಂದ ಮೇಲೆ ಕಿರ್ ಕಿರ್ ಅಂತ ಶುರುವಾಗುತ್ತದೆ. ಅದು ಒಣಗಿದ ರಬ್ಬರ್. ನೀರು ಇರುವವರೆಗೆ ಜಾರುತ್ತಿತ್ತು, ಈಗ ಉಜ್ಜುತ್ತಿದೆ. ಪತ್ತೆ ಮಾಡುವುದೂ ಸುಲಭ. ಒಂದು ಬಾಟಲಿಯಲ್ಲಿ ನೀರು ತಗೊಂಡು ಒಂದೊಂದೇ ಬುಷ್‌ಗೆ ಹಾಕುತ್ತಾ, ಪ್ರತಿ ಸಲ ಕಾರಿನ ಮೂಲೆ ಒತ್ತಿ ನೋಡಿ. ಯಾವುದಕ್ಕೆ ಹಾಕಿದಾಗ ನಿಂತಿತೋ ಅದೇ. ದಯವಿಟ್ಟು ಹಳೇ ಎಂಜಿನ್ ಆಯಿಲ್ ಹಾಕಬೇಡಿ. ಒಂದೆರಡು ದಿನ ಶಬ್ದ ನಿಲ್ಲುತ್ತದೆ ನಿಜ, ಆದರೆ ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಸಿಲಿಕೋನ್ ಸ್ಪ್ರೇ ಆದರೆ ತೊಂದರೆ ಇಲ್ಲ.

ರಸ್ತೆಯಲ್ಲಿ ಇಷ್ಟು ತಿಳಿದ ಮೇಲೆ ಜಾಕಿ. ಇಳಿಜಾರಿನ ಅಂಗಳದಲ್ಲಿ ಖಂಡಿತಾ ಬೇಡ. ನಮ್ಮ ತೋಟದ ಮನೆಗಳಲ್ಲಿ ಸಮತಟ್ಟಾದ ಗಟ್ಟಿ ಜಾಗ ಎಂದರೆ ಕಾಫಿ ಕಣ. ಕೊಯ್ಲು ಶುರುವಾಗುವ ಮೊದಲೇ ಕೆಲಸ ಮುಗಿಸಿಕೊಳ್ಳಿ, ಕಣದ ಮೇಲೆ ಎಣ್ಣೆ ಬಿದ್ದರೆ ಮನೆಯವರಿಂದ ಬೈಗುಳ ತಪ್ಪಿದ್ದಲ್ಲ. ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು ಕೊಡಿ. ಜಾಕಿಯನ್ನೇ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಇಡಿ.

ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲಾಟ, ಇದ್ದರೆ ಬೇರಿಂಗ್ ಆಗಿರಬಹುದು, ಬಾಲ್ ಜಾಯಿಂಟೂ ಆಗಿರಬಹುದು. ಯಾವುದು ಎಂದು ತಿಳಿಯಲು ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಪ್ಲೇ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಿ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಪ್ಲೇ ಕಂಡರೆ ಟೈ ರಾಡ್ ಎಂಡ್, ಅಥವಾ ಸ್ಟಿಯರಿಂಗ್ ರ‍್ಯಾಕ್. ಟೈ ರಾಡಿಗೆ ಜಾಕಿಯೂ ಬೇಡ. ಗಾಡಿ ನೆಲದ ಮೇಲಿರುವಾಗಲೇ ಒಬ್ಬರು ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ಒಂದಿಷ್ಟೇ ಇಷ್ಟು ಆಡಿಸಲಿ, ನೀವು ಜಾಯಿಂಟ್ ಮೇಲೆ ಕೈ ಇಡಿ. ಸವೆದಿದ್ದರೆ ಅದು ಕೈಗೆ ಕುಟ್ಟುತ್ತದೆ. ಬುಷ್ ಪರೀಕ್ಷೆಗೆ ಒಂದು ಲಿವರ್ ಕೊಟ್ಟು ಆರ್ಮನ್ನು ಮೆಲ್ಲಗೆ ಮೀಟಬೇಕು. ರಬ್ಬರ್ ಸ್ವಲ್ಪ ಬಾಗುವುದು ಸಹಜ. ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದರೆ, ಆಳವಾಗಿ ಬಿರುಕು ಬಿಟ್ಟಿದ್ದರೆ ಅದರ ಆಯುಸ್ಸು ಮುಗಿದಿದೆ.

ಇಷ್ಟೆಲ್ಲದರಲ್ಲಿ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬುಷ್ ಶಬ್ದ ಮಾಡುತ್ತಾ ಕೆಲವು ವಾರ ಓಡುತ್ತದೆ, ಓಡಲಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ, ಟೈ ರಾಡ್ ಕಳಚಿದರೆ ಆ ಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಒಂದು ಕಡೆ ಗುಡ್ಡ, ಒಂದು ಕಡೆ ಕಣಿವೆ ಇರುವ ಊರು ನಮ್ಮದು. ಇವುಗಳಲ್ಲಿ ಪ್ಲೇ ಕಂಡರೆ "ಮಂಗಳೂರಿಗೆ ಹೋಗಿ ಬಂದು ಮಾಡಿಸ್ತೀನಿ" ಅನ್ನಬೇಡಿ. ಗಾಡಿ ಅಲ್ಲೇ ನಿಲ್ಲಲಿ. ಜಾಯಿಂಟಿನ ಮೇಲಿನ ಸಣ್ಣ ರಬ್ಬರ್ ಕವಚ ಹರಿದಿದ್ದರೆ ಈಗ ಪ್ಲೇ ಇಲ್ಲದಿದ್ದರೂ ಗುರುತು ಹಾಕಿಕೊಳ್ಳಿ. ಆ ಹರುಕಿನಲ್ಲೇ ಕೆಸರುನೀರು ಒಳಗೆ ಹೋಗುವುದು.

ಷಾಕ್ ನಿಜವಾಗಿ ಹೋಗಿದ್ದರೆ ಮೈ ಮೇಲೆ ಎಣ್ಣೆ ಇಳಿದಿರುತ್ತದೆ, ಗುಂಡಿ ದಾಟಿದ ಮೇಲೂ ಗಾಡಿ ತೂಗುತ್ತಲೇ ಇರುತ್ತದೆ. ಕಾರಿನ ಮೂಲೆ ಒತ್ತಿ ಬಿಡುವ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಷಾಕ್ ಮಾತ್ರ ಸಿಗುತ್ತದೆ, ಅರ್ಧ ಹೋದದ್ದು ಸಿಗುವುದಿಲ್ಲ. ಹೊಸ ಷಾಕ್ ಹಾಕಿದ ಮೇಲೂ ಟೊಕ್ ಟೊಕ್ ಬಂದರೆ ಮೇಲಿನ ನಟ್ ಬಿಗಿಯಾಗಿದೆಯೇ ನೋಡಿ. ಸ್ಪ್ರಿಂಗಿನ ಕೆಳಸುತ್ತನ್ನೂ ಟಾರ್ಚ್ ಬಿಟ್ಟು ನೋಡಿ. ನಮ್ಮ ಮಳೆಗೆ ಅಲ್ಲಿ ಕೆಸರು ಕೂತು, ತುಕ್ಕು ಹಿಡಿದು, ಸ್ಪ್ರಿಂಗ್ ತುಂಡಾಗುವುದುಂಟು.

ಜೀಪಿನವರು ಇಷ್ಟು ಹೊತ್ತು ನಗುತ್ತಿರಬಹುದು. ಹಳೇ ಜೀಪಿನಲ್ಲಿ ಮುಂದೆಯೂ ಪ್ಲೇಟ್ ಸ್ಪ್ರಿಂಗ್. ಅಲ್ಲಿ ಆ ಸ್ಪ್ರಿಂಗನ್ನು ಹಿಡಿದಿರುವ ಷ್ಯಾಕಲ್ ಪಿನ್, ಬುಷ್, ಯು ಬೋಲ್ಟ್ ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಅಂಬಾಸಿಡರ್ ಇದ್ದವರು ಜಾಯಿಂಟುಗಳಿಗೆ ಗ್ರೀಸ್ ತುಂಬುವ ಗ್ರೀಸ್ ಗನ್ ಮರೆಯದಿದ್ದರೆ ಸಾಕು.

ಕೊನೆಗೆ ಜೋಡಿಸುವಾಗಿನ ಒಂದು ಮಾತು. ಇದನ್ನು ಬಹಳ ಕಡೆ ಮಾಡುವುದಿಲ್ಲ. ಲೋವರ್ ಆರ್ಮ್ ಬುಷ್ ಬದಲಾಯಿಸಿದಾಗ ಅದರ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಗಾಡಿ ಇಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ಹೊಸ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮೆಕ್ಯಾನಿಕ್ ಎದುರಿಗೇ ಕೇಳಿ, ಸಂಕೋಚ ಬೇಡ. ಷಾಕ್ ಆದರೆ ಎರಡೂ ಬದಿ ಒಟ್ಟಿಗೆ ಹಾಕಿಸಿ. ಆರ್ಮ್, ಟೈ ರಾಡ್ ಮುಟ್ಟಿದ ಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು. ಅದಾದ ಮೇಲೆ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ಎಂದು ನೋಡಲು ಕುಶಾಲನಗರದ ಕಡೆಯ ನೇರ ರಸ್ತೆಗೆ ಹೋಗಿ. ಮಡಿಕೇರಿ ಸುತ್ತಿನ ರಸ್ತೆಗಳು ಬದಿಗೆ ವಾಲಿರುತ್ತವೆ, ಅಲ್ಲಿ ಸರಿ ಇರುವ ಗಾಡಿಯೂ ಎಳೆಯುತ್ತದೆ. ನಮಸ್ಕಾರ.